ಬೆಳಗಿನ ಗುಳಿಗೆ

ಅಕ್ಕನ ಮಗಳು ರಾಧಿಕಾ ತೊಟ್ಟಿಲಲ್ಲಿದ್ದಾಗಲೇ ಅವಳು ರಾಚಪ್ಪನಿಗೆಂದು ಮಾತಾಗಿತ್ತು. ಬೆಳೆದ ಮೇಲೆ ಅವಳು, "ಮಾಮಾನ ಮೈಯೆಲ್ಲ ಟಾನಿಕ್ ವಾಸನಿ" ಎಂದು ನಕ್ಕು, ಅಭಿಷೇಕ ಮಾಸ್ತರನನ್ನು ಮದುವೆಯಾದಳು. ಆ ನಗುವನ್ನು ರಾಚಪ್ಪ ಮೂಡಲಗಿಯ ತನ್ನ ಔಷಧದಂಗಡಿಯಲ್ಲಿ, ಫ್ರಿಜ್ಜಿನೊಳಗಿನ ಇನ್ಸುಲಿನ್ನಿನಂತೆ, ಕೆಡದ ಹಾಗೆ ಇಟ್ಟುಕೊಂಡಿದ್ದ.

ಒಂದು ಸಂಜೆ ಅಭಿಷೇಕನೇ ಅಂಗಡಿಗೆ ಬಂದ. ಕಣ್ಣು ಕೆಂಪಗಿದ್ದವು.

"ಮಾಮಾ, ನಿದ್ದಿನ ಹತ್ತವಲ್ದು. ಏನರ ಕೊಡ್ರಿ."

"ಮಗಳನ್ನ ಕೊಟ್ಟೇವಿ. ನಿದ್ದೀನೂ ನಾವ ಕೊಡಬೇಕೇನ್ರಿ ಮಾಸ್ತರ?"

ಇಬ್ಬರೂ ನಕ್ಕರು. ರಾಚಪ್ಪ ಮೆಲಟೋನಿನ್ ಡಬ್ಬಿ ತೆಗೆದು ಒಳಗಿನ ಚೀಟಿ ಓದಿದ. ಮಲಗುವ ಮುಂಚೆ ಮಾತ್ರ. ಕಡಿಮೆ ಪ್ರಮಾಣ. ತಿಂದ ಮೇಲೆ ವಾಹನ ಓಡಿಸಬಾರದು. ಬೇರೆ ಔಷಧ ತಿನ್ನುವವರು ವೈದ್ಯರನ್ನು ಕೇಳಬೇಕು. ಎಷ್ಟು ಮುತುವರ್ಜಿಯಿಂದ ಬರೆದಿದ್ದಾರೆ ಎನಿಸಿತು. ಪ್ರತಿ ಮಾತನ್ನೂ ತಲೆಕೆಳಗು ಮಾಡಿ ಹೇಳಿದರೆ ಸಾಕು. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಡಬ್ಬಿಯನ್ನಷ್ಟೇ ಕೊಟ್ಟ.

"ಮುಂಜಾನೆ ಸಾಲಿಗೆ ಹೊಂಡೂ ಮುಂದ ಎರಡು ತಗೋರಿ. ಹಗಲೆಲ್ಲ ರಕ್ತದಾಗ ಕೂಡಿ, ರಾತ್ರಿ ಕೆಲಸ ಮಾಡ್ತೈತಿ. ಆಕಳಿಕಿ ಬಂದ್ರ ಗುಣಾ ಹತ್ತಾಕತ್ತೈತಿ ಅಂತ ತಿಳೀರಿ."

"ಗಾಡಿ ಹೊಡಿಯೂದು ನಡೀತೈತಿಲ್ರಿ?"

"ವಿಟಮಿನ್ ಇದ್ದಂಗ್ರಿ ಅದು."

ಅಭಿಷೇಕ ಘೋಡಗೇರಿಯ ಶಾಲೆಗೆ ದಿನಾ ಬೈಕಿನಲ್ಲಿ ಹೋಗುತ್ತಿದ್ದ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ವಿಷವಿಲ್ಲ, ಆಯುಧವಿಲ್ಲ, ಬಾಯಿಮಾತಿಗೆ ಬೆರಳಚ್ಚು ಇರುವುದಿಲ್ಲ. ಪೊಲೀಸರು ಕೇಳಿದರೆ "ರಾತ್ರಿ ತಗೋರಿ ಅಂದಿದ್ನಿ" ಎಂದರಾಯಿತು. ಸತ್ತವನು ಎದ್ದು ಬಂದು ಅಲ್ಲವೆನ್ನುವನೆ?

ಡಬ್ಬಿ ಮುಗಿದಾಗ ಅಭಿಷೇಕ ಮತ್ತೆ ಬಂದ. "ಭಾರಿ ಗುಣಾ ಐತ್ರಿ ಮಾಮಾ. ಸಾಲ್ಯಾಗ ಕುಂತಲ್ಲೇ ತೂಕಡಿಕಿ."

"ಹಂಗಾರ ಇನ್ನೊಂದ ಏರಸ್ರಿ," ಎಂದ ರಾಚಪ್ಪ.

ಕಬ್ಬಿನ ಹಂಗಾಮು ಮುಗಿಯುವುದರೊಳಗೆ ಫೋನು ಬಂತು. ಬೈಕು ನಿಂತ ಟ್ರ್ಯಾಕ್ಟರಿನ ಹಿಂಬದಿಗೆ ನುಗ್ಗಿತ್ತು. ಬ್ರೇಕು ಹಾಕಿದ ಗುರುತೇ ಇರಲಿಲ್ಲವಂತೆ. ಹೆಣ ಗೋಕಾಕದ ಆಸ್ಪತ್ರೆಯಲ್ಲಿತ್ತು, ರಾಧಿಕಾ ಆಗಲೇ ಅಲ್ಲಿಗೆ ಹೋಗಿದ್ದಳು. ರಾಚಪ್ಪ ಕನ್ನಡಿಯ ಮುಂದೆ ಮುಖ ಸಣ್ಣದು ಮಾಡಿ ನೋಡಿಕೊಂಡ. ಅವಳು ಹೆಗಲಿಗೆ ಒರಗಿ ಅಳಬಹುದೆಂದು ಕುತ್ತಿಗೆಗಿಷ್ಟು ಅತ್ತರು ಹಚ್ಚಿಕೊಂಡ. ಆಮೇಲೆ ಡ್ರೈವರ್ ಸಿದ್ರಾಯನ ಬಾಡಿಗೆ ಕ್ರೂಸರ್ ಜೀಪಿನಲ್ಲಿ, ಅವನ ಪಕ್ಕದ ಸೀಟಿನಲ್ಲಿ ಕುಳಿತ.

ಊರು ದಾಟಿ ಗಾಡಿ ಓಟಕ್ಕೆ ಬಿದ್ದಾಗ ಸಿದ್ರಾಯ ಬಾಯಗಲಿಸಿ ಆಕಳಿಸಿದ. "ಬಂಗಾರದಂಥ ಮನಷ್ಯಾರ್ರಿ ಮಾಸ್ತರು," ಎಂದು ಕಣ್ಣೊರೆಸಿಕೊಂಡ. "ನನಗೂ ನಿದ್ದಿಲ್ಲ ಅಂದಿದ್ದಕ್ಕ ತಮ್ಮ ಡಬ್ಬ್ಯಾಗಿನ ಗುಳಿಗಿ ಕೊಟ್ರು. ಸ್ಟೇರಿಂಗ್ ಹಿಡಿಯೂ ಮುಂದ ಮೂರು ತಗೋ, ಮಾಮಾ ಹೇಳ್ಯಾರ, ಹುಸಿ ಆಗೂದಿಲ್ಲ ಅಂದ್ರು." ಗುಣ ಕಂಡ ಔಷಧವನ್ನು ಈ ಸೀಮೆಯಲ್ಲಿ ಯಾರೂ ಒಬ್ಬರೇ ತಿನ್ನುವುದಿಲ್ಲ ಎಂಬುದು ಔಷಧದಂಗಡಿಯವನಿಗೇ ಹೊಳೆದಿರಲಿಲ್ಲ. "ಗಾಡಿ ನಿಲ್ಸೋ" ಎಂದು ರಾಚಪ್ಪ ಹೊರಳಿದ. ಸಿದ್ರಾಯನ ಗದ್ದ ಎದೆಗಿಳಿದಿತ್ತು, ಕಾಲು ಆಕ್ಸಿಲರೇಟರಿನ ಮೇಲೆ ಭಾರವಾಗಿ ಕುಳಿತಿತ್ತು.