ಇಳಿಸಿದ್ದು, ಕೂರಿಸಿದ್ದು

“ಇಳಿಸುವಾಗ ಬಾಯಿ ಬಿಡಬೇಡಪ್ಪ. ಬಾ ಅನ್ಬೇಡ. ಕೂರಿಸುವಾಗ ಕೂತ್ಕೋ ಅನ್ಬೇಡ. ನಾನು ಕೇಳೋದು ಇಷ್ಟೇ.”

ನೆಲಮಾಳಿಗೆಯ ಇಳಿಜಾರಿನಲ್ಲಿ ಕೋಲೂರಿ ನಿಂತ ಮುದುಕಿ ಇಷ್ಟು ಹೇಳಿದ್ದೇ ತಡ, ರೇಡಿಯೋ ಸ್ಪ್ಯಾನರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನಿಗೆ ರೇಡಿಯೋ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಎದ್ದಾಗಿನಿಂದ ಮಲಗುವ ತನಕ ಮಾತು. ಕೇಳಲು ಜನ ಸಿಗದಿದ್ದರೆ ನಟ್ಟು ಬೋಲ್ಟುಗಳ ಜೊತೆ ಮಾತು. ಈ ಊರಿಗೆ ಬಂದು ಮೂರು ತಿಂಗಳಾಗಿತ್ತು. ಮುಚ್ಚಿಹೋದ ಮುದ್ರಣಾಲಯವೊಂದರ ನೆಲಮಾಳಿಗೆಯನ್ನು ಬಾಡಿಗೆಗೆ ಹಿಡಿದು, ಹಳೇ ಕಾರುಗಳಿಗೆ ಹೊಸ ಎಂಜಿನ್ನು, ಹೊಸ ಗೇರ್‌ಬಾಕ್ಸು ಹಾಕುವ ಕೆಲಸ ಶುರುಮಾಡಿದ್ದ. ಕಬ್ಬಿಣದ ಕೆಲಸ ಅವನದು, ವೈರಿಂಗ್ ಕೆಲಸ ಅವನ ಅಕ್ಕನದು. ತಾಯಿ ಹೋದಾಗ ಇವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ಅಂದಿನಿಂದ ಅವನಿಗೆ ಅಮ್ಮ, ಅಪ್ಪ, ಪಾರ್ಟ್‌ನರ್ ಎಲ್ಲವೂ ಅವಳೇ.

“ಎಂಜಿನ್ನಿಗೆ ಕಿವಿ ಎಲ್ಲಿದೆ ತೋರ್ಸಿ ಅಮ್ಮಾ, ಕ್ಲೀನ್ ಮಾಡಿ ಕೊಡ್ತೀನಿ,” ಎಂದ.

ಕಾರಿನ ಮಾಲೀಕರಾದ ಲಾಯರು ಮುಜುಗರದಿಂದ ಕೆಮ್ಮಿದರು. ಮುದುಕಿ ಅವರ ಸೋದರತ್ತೆ. ಕಾರು ಅವಳ ಅಪ್ಪನದು. ಉಬ್ಬಿದ ಮಡ್‌ಗಾರ್ಡು, ಗುಂಡು ದೀಪ, ತೊಗಲಿನ ಸೀಟು. ಎಂಜಿನ್ನು ಮೂರು ಬಡಿತ ಬಡಿದು ನಾಲ್ಕನೆಯದಕ್ಕೆ ಎಡವುತ್ತಿತ್ತು. ಲಾಯರಿಗೆ ಬೇಕಾದದ್ದು ಇದೇ ಮೈಯೊಳಗೆ ಆಧುನಿಕ ಎಂಜಿನ್ನು, ಆಟೋಮ್ಯಾಟಿಕ್ ಗೇರ್‌ಬಾಕ್ಸು. ಹಳೇ ಎಂಜಿನ್ನನ್ನು ಗಾಜು ಹೊದಿಸಿ ಆಫೀಸಿಗೆ ಮೇಜು ಮಾಡಿಕೊಡಬೇಕಂತೆ.

“ನಮ್ಮಪ್ಪನಿಗೆ ಆಗದವರು ಮಾಟ ಮಾಡ್ಸಿದ್ರು,” ಮುದುಕಿ ಅಕ್ಕನ ಕಡೆ ತಿರುಗಿ ಹೇಳಿದಳು. “ಒಬ್ಬ ಬಂದು ಇಳಿಸಿದ. ಇಳಿಸಿದ್ದು ಎಲ್ಲಾದ್ರೂ ಕೂರ್ಬೇಕಲ್ಲಮ್ಮ? ಬಡಿತ ಇರೋ ಕಡೆನೇ ಅದು ಕೂರೋದು. ಈ ಕಾರು ಬಾಗಿಲಲ್ಲಿ ಸ್ಟಾರ್ಟಾಗಿ ನಿಂತಿತ್ತು.”

ಅವರು ಹೋದ ಮೇಲೂ ರೇಡಿಯೋನ ನಗು ನಿಲ್ಲಲಿಲ್ಲ. ಗ್ಯಾರೇಜಿನಲ್ಲೂ ಎಂಜಿನ್ ‘ಇಳಿಸೋದು’, ‘ಕೂರಿಸೋದು’ ಎಂದೇ ಮಾತು. “ನಾವೂ ಇಳಿಸೋರೇ, ಮಂತ್ರವಾದಿಗಳೂ ಇಳಿಸೋರೇ. ಒಂದೇ ಬೋರ್ಡು ಹಾಕ್ಕೊಂಡ್ರೆ ಆಯ್ತು, ಅಲ್ವೇನಕ್ಕ?”

ಅಕ್ಕ ನಗಲಿಲ್ಲ. “ಒಂದು ದಿನ ಬಾಯಿ ಮುಚ್ಕೊಂಡು ಕೆಲಸ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೋ?” ಎಂದಳು. “ಆಯ್ತಕ್ಕ, ಬಾಯಿ ಬಿಡಲ್ಲ,” ಎಂದು ಮಾತು ಕೊಟ್ಟ.

ಮರುದಿನ ಮಧ್ಯಾಹ್ನ ಎಂಜಿನ್ ಇಳಿಸಲು ಕೈಹಾಕಿದರು. ಆ ನೆಲಮಾಳಿಗೆಗೆ ಹಗಲು ಎಂಬುದೇ ಇರಲಿಲ್ಲ. ಇಳಿಜಾರಿನ ಬಾಯಲ್ಲಿ ಒಂದಿಷ್ಟು ಬಿಸಿಲು ಬಿದ್ದಿರುತ್ತಿತ್ತು. ಒಳಗೆ ಟ್ಯೂಬ್‌ಲೈಟಿನ ಮಂಕು, ಗೋಡೆಗಳಿಂದ ಇನ್ನೂ ಹೋಗದ ಶಾಯಿಯ ವಾಸನೆ. ಬೋಲ್ಟುಗಳೆಲ್ಲ ಬಿಚ್ಚಿ, ಗೇರ್‌ಬಾಕ್ಸು ಬೇರೆ ಮಾಡಿ, ಸರಪಳಿ ರಾಟೆಗೆ ಕಟ್ಟಿ ಎಳೆದರು. ಎಂಜಿನ್ನು ಅಲುಗಲಿಲ್ಲ. ಸರಪಳಿ ಬಿಗಿದು ಕಿರುಗುಟ್ಟಿತು, ಕಾರಿನ ಮೂತಿಯೇ ಮೇಲೆದ್ದಿತು, ಎಂಜಿನ್ನು ಮಾತ್ರ ತನ್ನ ಜಾಗ ಬಿಡಲಿಲ್ಲ. ರೇಡಿಯೋ ಅರ್ಧ ಗಂಟೆ ತುಟಿ ಕಚ್ಚಿಕೊಂಡು ಹೆಣಗಾಡಿದ. ಅಕ್ಕನಿಗೆ ಕೊಟ್ಟ ಮಾತು ಅಷ್ಟು ಹೊತ್ತು ಉಳಿದದ್ದೇ ಹೆಚ್ಚು.

“ಬಾರೇ ತಾಯೀ,” ಎಂದುಬಿಟ್ಟ. “ಬಾ, ಬಾ… ಮೆಲ್ಲಗೆ ಬಾ.”

ಎಂಜಿನ್ನು ಬಂತು. ಭಾರವೇ ಇಲ್ಲದಂತೆ, ಸರಪಳಿ ಸಡಿಲವಾಗಿದ್ದರೂ, ತಾನೇ ಎದ್ದು ಬಂತು. ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಅಡರಿತು. ಟ್ಯೂಬ್‌ಲೈಟು ಎರಡು ಸಲ ಮಿಟುಕಿತು. ಅಕ್ಕ ಗೋಡೆಗೆ ಒರಗಿ ನಿಂತು ಅವನನ್ನೇ ನೋಡಿದಳು.

“ನೋಡಿದ್ಯಾ? ತುಕ್ಕು ಹಿಡಿದು ಕಚ್ಕೊಂಡಿತ್ತು, ಬಿಡ್ತು,” ಎಂದ ರೇಡಿಯೋ.

ಆಮೇಲೆ ಎರಡು ವಾರ ಏನೂ ಆಗಲಿಲ್ಲ. ಹಳೇ ಎಂಜಿನ್ನನ್ನು ಕೊರೆದು, ಉಜ್ಜಿ, ಪಾಲಿಶ್ ಹಾಕಿ, ಮೇಲೆ ಗಾಜು ಕೂರಿಸಿದ್ದಾಯಿತು. ಅಪಘಾತವಾದ ಕಾರೊಂದರಿಂದ ಬಂದ ಹೊಸ ಎಂಜಿನ್ನಿಗೆ ತಕ್ಕ ಹಾಗೆ ಕಾರಿನ ಅಡಿಚೌಕಟ್ಟಿಗೆ ಎಂಜಿನ್ ಹೊರುವ ಹೊಸ ಕಾಲುಗಳನ್ನು ವೆಲ್ಡ್ ಮಾಡಿದ. ಹೊಸ ಗೇರ್‌ಬಾಕ್ಸು ದಪ್ಪನೆಯದು; ಅದಕ್ಕಾಗಿ ಕಾರಿನ ನೆಲವನ್ನೇ ಕತ್ತರಿಸಿ ಎತ್ತರಿಸಿದ. ಅಕ್ಕ ಇಡೀ ವೈರಿಂಗನ್ನು ನೆಲದ ಮೇಲೆ ಹರವಿಕೊಂಡು ಒಂದೊಂದೇ ಎಳೆಗೆ ಚೀಟಿ ಅಂಟಿಸಿದಳು. ರೇಡಿಯೋಗೆ ಮುದುಕಿಯ ಮಾತು ಮರೆತೇಹೋಗಿತ್ತು.

ಕೂರಿಸುವ ದಿನ ಅಕ್ಕ ಬಾನೆಟ್ಟಿನ ಎಡಗಡೆ ಬಗ್ಗಿ ವೈರುಗಳನ್ನು ಪಕ್ಕಕ್ಕೆ ಹಿಡಿದಿದ್ದಳು. ರೇಡಿಯೋ ಒಂದು ಕೈಯಲ್ಲಿ ಸರಪಳಿ, ಇನ್ನೊಂದು ಕೈಯಲ್ಲಿ ಎಂಜಿನ್ನಿನ ಮೂಲೆ ಹಿಡಿದು ಇಳಿಸುತ್ತಿದ್ದ. ಆ ಗಳಿಗೆಯಲ್ಲಿ ಜಗತ್ತಿನ ಯಾವ ಮೆಕ್ಯಾನಿಕ್ ಸುಮ್ಮನಿರುತ್ತಾನೆ?

“ಇಳಿ… ಇಳಿ… ಅಕ್ಕನ ಕಡೆ ಬಾ. ಇನ್ನೂ ಸ್ವಲ್ಪ ಅಕ್ಕನ ಕಡೆ… ಹಾಂ. ಕೂತ್ಕೋ.”

ಅಕ್ಕ ‘ಹಕ್’ ಎಂದಳು. ಬಿಕ್ಕಳಿಕೆ ಬಂದವರು ಅನ್ನುವ ಹಾಗೆ, ಒಂದೇ ಸಲ. ಆಮೇಲೆ ಸೊಂಟ ಹಿಡಿದುಕೊಂಡು ಮೆಲ್ಲಗೆ ಹೋಗಿ ಟೈರಿನ ಮೇಲೆ ಕುಳಿತಳು.

“ಬಿಸಿಲು ಜಾಸ್ತಿ ಕಣೋ,” ಎಂದಳು. ಒಳಗೆ ಬಿಸಿಲೇ ಇರಲಿಲ್ಲ.

ಬೋಲ್ಟು ಬಿಗಿದು, ಬ್ಯಾಟರಿ ಜೋಡಿಸಿ, ಕೀಲಿ ತಿರುಗಿಸಿದ. ಎಂಜಿನ್ನು ಮಿಸುಕಲಿಲ್ಲ. ಆದರೆ ಅದರ ವೇಗ ತೋರಿಸುವ ಮುಳ್ಳು ತನ್ನಷ್ಟಕ್ಕೆ ಕುಣಿಯತೊಡಗಿತು. ಮೂರು ಸಲ ಕುಣಿತ, ಒಂದು ಸಲ ಎಡವು. ಸೆನ್ಸರ್ ಕೆಟ್ಟಿದೆ ಎಂದುಕೊಂಡ. ಸೆನ್ಸರಿನ ವೈರು ಕಿತ್ತ. ಮುಳ್ಳು ಕುಣಿಯಿತು. ಬ್ಯಾಟರಿಯನ್ನೇ ಎತ್ತಿ ಹೊರಗಿಟ್ಟ. ಮುಳ್ಳು ಕುಣಿಯುತ್ತಲೇ ಇತ್ತು.

ಹಿಂದಿನಿಂದ ಸದ್ದು ಬಂತು. ಗುಡು, ಗುಡು, ಗುಡು… ಆಮೇಲೆ ಎಡವು. ಈ ಸದ್ದನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ. ಮೇಜಾಗಿ ನಿಂತಿದ್ದ ಹಳೇ ಎಂಜಿನ್ನಿನ ಕಡೆ ತಿರುಗಿದ. ಅದು ತಣ್ಣಗಿತ್ತು. ಸದ್ದು ಬರುತ್ತಿದ್ದದ್ದು ಟೈರಿನ ಮೇಲಿಂದ.

ಓಡಿಹೋಗಿ ಅಕ್ಕನ ಬೆನ್ನಿಗೆ ಕಿವಿಯಿಟ್ಟ. ಕಿವಿ ಚುರ್ ಎಂದಿತು. ಬೆನ್ನು ಅಷ್ಟು ಕಾದಿತ್ತು. ಅವಳು ಕೆಮ್ಮಿದಳು. ಸೆರಗಿನ ಮೇಲೆ ಬಿದ್ದದ್ದು ಕಪ್ಪು, ದಪ್ಪ, ಹಳೇ ಆಯಿಲ್ಲು.

ರೇಡಿಯೋ ಲಾಯರಿಗೆ ಫೋನು ಮಾಡಿ ಏನು ಹೇಳಿದನೋ ಅವನಿಗೇ ಗೊತ್ತಿಲ್ಲ. ಕಾಲು ಗಂಟೆಯಲ್ಲಿ ಮುದುಕಿ ಆಟೋದಲ್ಲಿ ಒಬ್ಬಳೇ ಬಂದಳು. ಇಳಿಜಾರು ಇಳಿಯುವಾಗಲೇ ಅವಳಿಗೆ ವಾಸನೆ ತಿಳಿದಿತ್ತು.

“ಯಾರ ಕಡೆ ಕರೆದೆ?”

“ಅಕ್ಕನ ಕಡೆ ಅಂದೆ ಅಮ್ಮಾ. ಎಂಜಿನ್ನಿಗೆ ಹೇಳಿದ್ದು. ಬಾಯಿ ತಪ್ಪಿ…” ಅವನು ಮಗುವಿನಂತೆ ಅಳುತ್ತಿದ್ದ. “ಯಾವ್ದಾದ್ರೂ ಕಾರು ತರ್ತೀನಿ. ಸ್ಟಾರ್ಟ್ ಮಾಡಿ ಎದುರಿಗೆ ನಿಲ್ಲಿಸ್ತೀನಿ. ಅದಕ್ಕೆ ಕೂರ್ಸಿ.”

“ಅವತ್ತು ಇಳಿಸಿದವನಿಗೆ ವಿದ್ಯೆ ಗೊತ್ತಿತ್ತು. ಅವನು ಹೋಗಿ ಎಷ್ಟೋ ವರ್ಷ ಆಯ್ತು. ವಿದ್ಯೆ ಇಲ್ಲದೆ ಕರೆದ್ರೆ ಮೈಯಿಂದ ಮೈಗೇ ಬರುತ್ತೆ, ಕಬ್ಬಿಣಕ್ಕೆ ಹೋಗಲ್ಲ.” ಮುದುಕಿ ಕಣ್ಣು ತಗ್ಗಿಸಿದಳು. “ನನ್ನ ಕಡೆ ಕರಿ ಅನ್ನೋ ಧೈರ್ಯ ನನಗಿಲ್ಲಪ್ಪ.”

ಮುಳ್ಳು ಏರತೊಡಗಿತು. ಅಕ್ಕನ ಎದೆಯ ಸದ್ದೂ ಏರಿತು. ಕುತ್ತಿಗೆಯ ನರ ಸರಪಳಿಯಂತೆ ಬಿಗಿಯಿತು. ತುಟಿ ಒಣಗಿ ಬಿರಿಯಿತು. ಟ್ಯೂಬ್‌ಲೈಟು ಆರಿತು. ಕತ್ತಲು. ಶಾಯಿ, ಆಯಿಲ್ಲು, ಸುಟ್ಟ ಕೂದಲು. ಗುಡುಗುಡುಗುಡು. ಎಡವು ಕೂಡ ಕೇಳದಷ್ಟು ವೇಗ. ಅವನು ಕತ್ತಲಲ್ಲೇ ಅವಳ ಕೈ ಹುಡುಕಿ ಹಿಡಿದ.

“ಬಾ,” ಎಂದ.

ಸದ್ದು ಗಕ್ಕನೆ ನಿಂತಿತು. ಅಕ್ಕನ ಬಾಯಿಂದ, ಅಕ್ಕನದಲ್ಲದ ದನಿ ಕೇಳಿತು.

“ಎಲ್ಲಿ ಕೂರಲಿ?”

ಅವನು ಹೆದರಿದ್ದ. ಸಾಯುವಷ್ಟು ಹೆದರಿದ್ದ. ಮಗ್ಗುಲಲ್ಲಿ ಮುದುಕಿಯ ಉಸಿರು ಕೇಳುತ್ತಿತ್ತು. ಅವಳನ್ನು ತೋರಿಸಿದರೆ ಮುಗಿಯಿತು, ಎಂಬತ್ತು ದಾಟಿದ ಜೀವ. ಆ ಯೋಚನೆ ಅವನಿಗೆ ಬಂದದ್ದು ನಿಜ; ಕೈ ಕೂಡ ಅತ್ತ ಒಂದಿಷ್ಟು ಎದ್ದಿತ್ತು. ಅಷ್ಟರಲ್ಲಿ ಅಕ್ಕನ ಬೆರಳುಗಳು ಅವನ ಹಿಡಿತದಲ್ಲಿ ತಣ್ಣಗಾಗತೊಡಗಿದವು.

“ಇಲ್ಲಿ,” ಎಂದು ತನ್ನ ಎದೆ ಮುಟ್ಟಿಕೊಂಡ. “ನನ್ನ ಕಡೆ. ಕೂತ್ಕೋ.”

ಕೂತಿತು.

ದೀಪ ಬಂತು. ಅಕ್ಕ ಕಣ್ಣು ತೆರೆದಳು. ಮುದುಕಿ ಅವಳಿಗೆ ನೀರು ಕುಡಿಸುತ್ತಿದ್ದಳು. ತಮ್ಮ ನೆಲದ ಮೇಲೆ ಬೆವೆತು ಕುಳಿತಿದ್ದ. ಅಕ್ಕ ತೆವಳಿಕೊಂಡು ಬಂದು ಅವನ ಎದೆಗೆ ಕಿವಿ ಇಟ್ಟಳು. ಮೂರು ಬಡಿತ, ಒಂದು ಎಡವು. ಅವಳ ಮುಖ ಸುಣ್ಣದ ಹಾಗೆ ಬಿಳಿಚಿತು. ತಕ್ಷಣ ಬಾಯಿ ತೆರೆದಳು.

“ಬಾ, ನನ್ನ—”

ರೇಡಿಯೋ ಅಂಗೈಯಿಂದ ಅವಳ ಬಾಯಿ ಒತ್ತಿ ಹಿಡಿದ. ಅವಳು ಕಚ್ಚಿದಳು, ಪರಚಿದಳು, ಅತ್ತಳು. ಅವನು ಕೈ ತೆಗೆಯಲಿಲ್ಲ.

ಅದೇ ಸಂಜೆ ಹೊಸ ಎಂಜಿನ್ನು ಮೊದಲ ಸಲಕ್ಕೇ ಸ್ಟಾರ್ಟಾಯಿತು. ಲಾಯರು ಬಂದು, ಸದ್ದೇ ಇಲ್ಲವಲ್ಲ ಎಂದು ಬೆರಗಾಗಿ, ಕಾರು, ಮೇಜು, ಅತ್ತೆ ಎಲ್ಲರನ್ನೂ ಕರೆದುಕೊಂಡು ಹೋದರು.

ಇವತ್ತಿಗೆ ನಾಲ್ಕು ದಿನ. ಅಕ್ಕ ಅವನ ಎದುರಿಗೆ ಸ್ಟೂಲು ಹಾಕಿಕೊಂಡು ಕುಳಿತಿದ್ದಾಳೆ. ಅವಳ ಬೆವರು ಆರಿದೆ, ಊಟ ಸೇರುತ್ತಿದೆ. ಅವನ ಮೈ ಮುಟ್ಟುವ ಹಾಗಿಲ್ಲ, ಅಷ್ಟು ಸುಡುತ್ತಿದೆ. “ಸ್ವಲ್ಪ ಮಲ್ಕೋ ಪುಟ್ಟಾ,” ಎನ್ನುತ್ತಾಳೆ ಅವಳು, ನಾಲ್ಕು ವರ್ಷದವನಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ. “ನಾನಿಲ್ಲೇ ಇರ್ತೀನಿ.”

ಅವನು ತಲೆಯಲ್ಲಾಡಿಸಿ ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ಹಿಡಿಯುತ್ತಾನೆ. ಒಂದು ಗಳಿಗೆ ನಿದ್ದೆ ಹತ್ತಿದರೂ ಸಾಕು, ಅಕ್ಕ ಅದನ್ನು ತನ್ನ ಕಡೆ ಕರೆದುಬಿಡುತ್ತಾಳೆ.