ಹೊಟ್ಟೆಗೇಕೆ ರಜೆ?

"ಆರು ದಿನದಿಂದ ಇವರ ಹೊಟ್ಟೆಗೆ ಒಂದು ಗುಟುಕೂ ಹೋಗಿಲ್ಲ ಸಾರ್!"

ಬಸವರಾಜೇಶ್ವರಿಯ ಧ್ವನಿಗೆ ರಾಜಾಜಿನಗರದ ನರ್ಸಿಂಗ್ ಹೋಂ ಒಂದರ ಐ.ಸಿ.ಯು.ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅದು 1986. ಅವಳು ಡಯಟಿಷಿಯನ್ ಆಗಿ ಸೇರಿ ಮೂರೇ ತಿಂಗಳಾಗಿತ್ತು. ಮಂಚದ ಮೇಲೆ ಹೆಗ್ಗನಹಳ್ಳಿಯ ಉಗ್ರಪ್ಪ. ಮಾಗಡಿ ರೋಡಿನಲ್ಲಿ ಲಾರಿ ಹೊಡೆದು ಪ್ರಜ್ಞೆ ತಪ್ಪಿ ಮಲಗಿದ್ದ. ಕೈಗೆ ಗ್ಲೂಕೋಸ್ ಡ್ರಿಪ್, ಅಷ್ಟೇ.

"ಹೊಟ್ಟೆಗೆ ರೆಸ್ಟ್ ಬೇಕಮ್ಮ. ನೀನು ಅಡುಗೆಮನೆ ನೋಡ್ಕೋ," ಎಂದರು ದೊಡ್ಡ ಡಾಕ್ಟರ್ ಗಂಗಾಧರಯ್ಯ.

"ಅದು ರೆಸ್ಟ್ ಅಲ್ಲ ಸಾರ್, ಉಪವಾಸ! ಕೆಲಸವಿಲ್ಲದ ಕರುಳು ಸೊರಗುತ್ತೆ. ಒಳಗಿನ ಕ್ರಿಮಿಗಳು ರಕ್ತಕ್ಕೆ ನುಗ್ಬಹುದು. ಮೂಗಿಂದ ಟ್ಯೂಬ್ ಹಾಕಿ ಸ್ವಲ್ಪ ಸ್ವಲ್ಪ ಕೊಡೋಣ."

ಅವಳು ಡ್ಯೂಟಿ ಡಾಕ್ಟರ್ ಚನ್ನಕೇಶವನತ್ತ ನೋಡಿದಳು. 'ನೀವು ಹೇಳೋದೇ ಸರಿ' ಎಂದು ಹಿಂದಿನ ದಿನ ಕಣ್ಣರಳಿಸಿ ಹೇಳಿದ್ದವನು ಈಗ ಕೇಸ್ ಶೀಟಿನೊಳಗೆ ಮುಖ ಹುದುಗಿಸಿಕೊಂಡಿದ್ದ.

ರೌಂಡ್ಸ್ ಮುಗಿದದ್ದೇ ಮೆಟ್ಟಿಲ ಬಳಿ ಅವನನ್ನು ತಡೆದಳು.

"ನಾಲಿಗೆ ಎಲ್ಲಿಟ್ಟಿದ್ರಿ ಡಾಕ್ಟ್ರೇ?"

"ಅವರೆದುರಿಗೆ ಹೇಗೆ..."

"ಉಗ್ರಪ್ಪನ ಹೆಂಡ್ತಿ ಚಿಕ್ಕಗಂಗಮ್ಮ ಹೊರಗಡೆ ಕೂತಿದಾರೆ. ನಮ್ಮನೆಯವ್ರು ಏನಾದ್ರೂ ಉಂಡ್ರಾ ಅಂತ ದಿನಾ ಕೇಳ್ತಾರೆ. ಉತ್ತರ ನೀವೇ ಹೇಳಿ."

ಸಿಟ್ಟಿಗೆ ಅವಳ ಕಿವಿಯ ತುದಿಯೂ ಕೆಂಪಾಗಿತ್ತು. ಅಂಥ ಹೊತ್ತಿನಲ್ಲೂ ಅದು ಚೆಂದ ಕಂಡಿದ್ದಕ್ಕೆ ಚನ್ನಕೇಶವನಿಗೆ ತನ್ನ ಮೇಲೇ ನಾಚಿಕೆಯಾಯಿತು.

ಮಧ್ಯಾಹ್ನ ಅವನು ದೊಡ್ಡ ಡಾಕ್ಟರ ಕೋಣೆಗೆ ಹೋದ. ಅರ್ಧ ಗಂಟೆಯ ಮೇಲೆ ಹೊರಬಂದು ಅಡುಗೆಮನೆ ಬಾಗಿಲಲ್ಲಿ ನಿಂತ.

"ಒಪ್ಪಿದ್ರು. ಹೆಚ್ಚುಕಮ್ಮಿ ಆದ್ರೆ ನನ್ನ ಕೆಲಸ ಹೋಗುತ್ತಂತೆ."

ಬಸವರಾಜೇಶ್ವರಿ ಕೂಡಲೇ ಒಲೆ ಹಚ್ಚಿದಳು. ಹಾಲಿಗೆ ಸಕ್ಕರೆ ಬೆರೆಸಿ, ಗಂಜಿಯನ್ನು ಎರಡು ಸಲ ಬಟ್ಟೆಯಲ್ಲಿ ಸೋಸಿದಳು.

ಮರುದಿನ ಬೆಳಿಗ್ಗೆ, ಗಡಿಬಿಡಿಯಲ್ಲಿದ್ದ ನರ್ಸೊಬ್ಬಳು ಇಡೀ ಮಗ್ಗಿನ ಗಂಜಿಯನ್ನು ಸಿರಿಂಜಿನಲ್ಲಿ ತುಂಬಿ ಟ್ಯೂಬಿಗೆ ಒಮ್ಮೆಲೇ ತಳ್ಳಿಬಿಟ್ಟಳು. ಉಗ್ರಪ್ಪನ ಹೊಟ್ಟೆ ಉಬ್ಬಿ ವಾಂತಿಯಾಯಿತು. ಚನ್ನಕೇಶವ ಓಡಿಬಂದು ಅವನನ್ನು ಮಗ್ಗುಲಾಗಿಸಿ ಬಾಯಿ ಶುಚಿ ಮಾಡಿದ. ಎದೆಗೆ ಸ್ಟೆತ್ ಇಟ್ಟು ಕೇಳಿದ. ಪುಣ್ಯಕ್ಕೆ ಉಸಿರು ಸರಿಯಾಗಿತ್ತು.

"ನೋಡಿದ್ರಾ? ಟ್ಯೂಬ್ ತೆಗೀರಿ," ಎಂದು ಗಂಗಾಧರಯ್ಯ ಗುಡುಗಿದರು.

ಬಸವರಾಜೇಶ್ವರಿ ಬಾಯಿ ತೆರೆಯುವ ಮೊದಲೇ ಚನ್ನಕೇಶವ ಮಂಚಕ್ಕೆ ಅಡ್ಡ ನಿಂತ.

"ತೆಗೆಯಲ್ಲ ಸಾರ್. ತಪ್ಪು ಗಂಜಿದಲ್ಲ, ಕೊಟ್ಟ ರೀತಿದು. ಆರು ದಿನ ಖಾಲಿ ಇದ್ದ ಹೊಟ್ಟೆಗೆ ಹಂಗೆ ಸುರೀತಾರಾ? ಹನಿ ಹನಿಯಾಗಿ ಬಿಡಬೇಕು. ನಾನೇ ಕೂತು ಬಿಡ್ತೀನಿ. ಕೆಲಸ ಬೇಕಾದ್ರೆ ಆಮೇಲೆ ಕಿತ್ಕೊಳ್ಳಿ."

"ಜವಾಬ್ದಾರಿ ನಿಂದೇ," ಎಂದು ಗಂಗಾಧರಯ್ಯ ಹೊರಟುಹೋದರು. ಹೊಟ್ಟೆಯ ಉಬ್ಬರ ಇಳಿದ ಮೇಲೆ ಗಂಜಿಯನ್ನು ಬಾಟಲಿಗೆ ತುಂಬಿ ತೂಗುಹಾಕಿ ಮತ್ತೆ ಶುರುಮಾಡಿದರು. ನಾಲ್ಕು ದಿನ, ಬಿಡುವಾದಾಗಲೆಲ್ಲ ಇಬ್ಬರೂ ಸ್ಟೂಲ್ ಎಳೆದುಕೊಂಡು ಬಾಟಲಿಯ ಹನಿ ಎಣಿಸಿದರು.

"ಜಾಸ್ತಿ ಆಯ್ತು, ಕಮ್ಮಿ ಮಾಡಿ."

"ಏನು? ಹನಿನಾ, ನಾನು ನೋಡೋದಾ?"

"ಎರಡೂ," ಎಂದಳು, ಬಾಟಲಿಯಿಂದ ಕಣ್ಣು ಕೀಳದೆ.

ಐದನೆಯ ದಿನ ಉಗ್ರಪ್ಪ ಕಣ್ಣು ಬಿಟ್ಟು ಚಿಕ್ಕಗಂಗಮ್ಮನ ಬೆರಳು ಹಿಡಿದ. ಹೊಟ್ಟೆ ಮೆತ್ತಗಿತ್ತು, ಜ್ವರವಿರಲಿಲ್ಲ. ಅಂದೇ ಹೊರಗಿನಿಂದ ಬಂದಿದ್ದ ಡಾಕ್ಟರುಗಳ ಮುಂದೆ ಗಂಗಾಧರಯ್ಯ ಬೀಗಿದರು: "ಟ್ಯೂಬ್ ಫೀಡಿಂಗ್ ನಂದೇ ಐಡಿಯಾ."

ಸಂಜೆ ಬಸ್ ಸ್ಟಾಪಿನಲ್ಲಿ ಬಸವರಾಜೇಶ್ವರಿ ಕುದಿಯುತ್ತಿದ್ದಳು. "ಅವರದೇ ಐಡಿಯಾ ಅಂತೆ! ನಿಮಗೆ ಮೈ ಉರಿಯಲ್ವಾ?"

"ಉರಿಯುತ್ತೆ. ಆದ್ರೆ ನೀವು ಬೈಯೋದು ನೋಡ್ತಾ ನಿಂತ್ರೆ ನನ್ನ ಸಿಟ್ಟು ಮರೆತೇಹೋಗುತ್ತೆ." ಚನ್ನಕೇಶವ ಅವಳತ್ತ ತಿರುಗಿ ನಿಂತ. "ನನ್ನನ್ನ ಮದುವೆ ಆಗ್ತೀರಾ?"

ಅವಳು ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದಳು.

"ಮೊದಲನೇ ದಿನ ಸುಮ್ನೆ ನಿಂತಿದ್ರಲ್ಲ, ಅದನ್ನ ನಾನು ಕ್ಷಮಿಸಿಲ್ಲ."

"ಕ್ಷಮಿಸ್ಬೇಡಿ. ಉತ್ತರ ಹೇಳಿ."

"ಭಾನುವಾರ ವಿಜಯನಗರಕ್ಕೆ, ನಮ್ಮನೆಗೆ ಬನ್ನಿ. ಜಾತಿ ಬೇರೆ ಅಂತ ಅಪ್ಪ ಕೂಗಾಡ್ತಾರೆ. ಅವಾಗ ಮಾತ್ರ ಸುಮ್ನಿದ್ರೆ ನೋಡಿ!"

ಅವನು ಹೋದ. ಅವಳ ಅಪ್ಪ ಎರಡು ಗಂಟೆ ಕೂಗಾಡಿದರು. ಚನ್ನಕೇಶವ ಒಂದು ಮಾತಿಗೂ ಉತ್ತರ ಬಾಕಿ ಉಳಿಸಲಿಲ್ಲ. ಕೊನೆಗೆ ಇಬ್ಬರ ಗಂಟಲೂ ಒಣಗಿದಾಗ ಬಸವರಾಜೇಶ್ವರಿ ಕಾಫಿ ತಂದಳು. ಲೋಟ ಕೊಡುವಾಗ, ಅಪ್ಪ ನೋಡುತ್ತಿದ್ದಾರೆಂದು ತಿಳಿದೂ, ಅವನ ಬೆರಳಿಂದ ತನ್ನ ಬೆರಳನ್ನು ಹಿಂದೆಗೆಯಲಿಲ್ಲ.