ಮೇಡಂ ಅಲ್ಲ, ಅವನು

"ಬೈದಿಲ್ಲ, ಏಕವಚನ ಬಳಸಿಲ್ಲ. ಮೇಡಂ ಅಂದೆ ಅಷ್ಟೇ. ಅದರಲ್ಲೇನು ತಪ್ಪು?" ಅಣ್ಣ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೇಳಿದ. ದನಿಯಲ್ಲೂ ಬೆಣ್ಣೆಯೇ.

ಅವಳು ಫೋನಿನಿಂದ ಕಣ್ಣೆತ್ತಲಿಲ್ಲ. "ಅವನು ಗಂಡಸು. ಹಾಗೆ ಕರೀಬೇಡಿ ಅಂತ ಅವನೇ ಹೇಳಿದಾನೆ. ನೀನು ಬೇಕಂತಲೇ ಕರೀತೀಯ."

ಅಣ್ಣ ಹಾಗೆ ಕರೆದದ್ದು ಸೈಕಲ್ ಸವಾರರ ಆನ್‌ಲೈನ್ ಗುಂಪಿನಲ್ಲಿ. ಗುಂಪು ಕಟ್ಟಿದ್ದೂ ಅವನೇ. ಜಗಳ ಬಿಡಿಸುವ ಮಾಡರೇಟರ್ ಕೆಲಸವನ್ನು ತಂಗಿಯ ತಲೆಗೆ ಕಟ್ಟಿದ್ದ. ಕನ್ನಡಕದಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷಿಸುವವಳು, ಬಿಡುವಾದಾಗ ಕಾಮೆಂಟು ಪರೀಕ್ಷಿಸುತ್ತಿದ್ದಳು. ಎಲ್ಲರಿಗೂ ಬಹುವಚನ, ಬೇಡವೆಂದ ಹಾಗೆ ಯಾರನ್ನೂ ಕರೆಯುವಂತಿಲ್ಲ. ನಿಯಮ ಅಷ್ಟೇ.

ಗುಂಪಿನಲ್ಲೊಬ್ಬ ಸೈಕಲ್ ಮೆಕ್ಯಾನಿಕ್ ಇದ್ದ. ಅವಳ ಜೊತೆ ಬೇರೆಯಾಗಿ ಮೆಸೇಜಿನಲ್ಲಿ ಹರಟುತ್ತಿದ್ದ. ಹೆಣ್ಣೆಂದು ಬೆಳೆಸಿದರು, ಗಂಡಾಗಿ ಬದುಕುತ್ತಿದ್ದೇನೆ ಅಂತ ಅವಳಿಗೆ ಮೊದಲೇ ಹೇಳಿದ್ದ. ಅವನು ಹಿಂದೆ ಹೆಂಗಸರ ರೇಸ್ ಗೆದ್ದ ಫೋಟೋವನ್ನು ಯಾರೋ ಗುಂಪಿಗೆ ಹಾಕಿದಾಗ ಎಲ್ಲರಿಗೂ ಗೊತ್ತಾಯಿತು. ಅವತ್ತಿನಿಂದ ಅಣ್ಣನದು ಬರೀ ಮೇಡಂ, ಕೈಮುಗಿಯುವ ಇಮೋಜಿ ಸಮೇತ.

ಅವಳು ಬಟನ್ ಒತ್ತಿದಳು. ಅಣ್ಣನ ಫೋನ್ ಗುಯ್‌ಗುಟ್ಟಿತು.

"ನನ್ನ ಗುಂಪಲ್ಲಿ ನನ್ನನ್ನೇ ಮ್ಯೂಟ್ ಮಾಡಿದ್ಯಾ?"

"ಒಂದು ವಾರ."

"ನಿಮ್ಮಿಬ್ಬರ ಮಧ್ಯೆ ಏನಿದೆ?"

"ಇನ್ನೂ ಏನಿಲ್ಲ." ಆ 'ಇನ್ನೂ' ಬಾಯಿಂದ ಜಾರಿದ ಮೇಲೆ ಅವಳ ಕಿವಿ ಬಿಸಿಯಾಯಿತು. ವಾಪಸ್ ತಗೊಳ್ಳಲಿಲ್ಲ.

ಮ್ಯೂಟ್ ಆದದ್ದು ಗುಂಪಿನಲ್ಲಿ ಕಂಡು, ಮಧ್ಯಾಹ್ನ ಮೆಕ್ಯಾನಿಕ್ ಮೆಸೇಜ್ ಕಳಿಸಿದ: 'ನನಗೋಸ್ಕರ ಅಣ್ಣನ ಜೊತೆ ಕಿತ್ತಾಡಬೇಡಿ. ನಾನೇ ಗುಂಪು ಬಿಡ್ತೀನಿ.'

ಉತ್ತರ ಬರೆಯುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಸಂಜೆ ಸೈಕಲ್ ಹತ್ತಿ ಸೀದಾ ಅವನ ಅಂಗಡಿಗೆ ಹೋದಳು. ಮುಖಾಮುಖಿ ಅದೇ ಮೊದಲು. ಕೆನ್ನೆಗೆ ಗ್ರೀಸ್ ಮೆತ್ತಿಕೊಂಡಿದ್ದ. ಅವಳನ್ನು ನೋಡಿ ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಹರಡಿಕೊಂಡ.

ಅವಳ ಸೈಕಲ್ಲನ್ನು ಎತ್ತಿ, ಚಕ್ರ ತಿರುಗಿಸಿ ನೋಡಿದ. "ಏನೂ ಆಗಿಲ್ಲವಲ್ಲ."

"ಗೊತ್ತು."

ಅವನು ತಲೆ ಬಗ್ಗಿಸಿಕೊಂಡೇ ನಕ್ಕ. ಅಷ್ಟರಲ್ಲಿ ಅವಳ ಫೋನ್ ಮಿನುಗಿತು. ಅಣ್ಣ ಅವಳನ್ನು ಗುಂಪಿನಿಂದಲೇ ತೆಗೆದುಹಾಕಿದ್ದ.

ಅವಳು ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದಳು. "ರಾತ್ರಿ ಊಟಕ್ಕೆ ಒಬ್ಬನನ್ನ ಕರ್ಕೊಂಡು ಬರ್ತಿದ್ದೀನಿ. ನಾನು ಇಷ್ಟಪಟ್ಟಿರೋ ಹುಡುಗ. ಮೇಡಂ ಅಂದ್ರೆ ತಟ್ಟೆ ಬಿಟ್ಟು ಇಬ್ಬರೂ ಎದ್ದು ಹೋಗ್ತೀವಿ."

ಅವನ ಕೈ ಹ್ಯಾಂಡಲ್ ಮೇಲೆ ಹಾಗೇ ನಿಂತಿತು.

"ನನ್ನನ್ನ ಒಂದು ಮಾತು ಕೇಳಬೇಕಿತ್ತು," ಅಂದ.

"ಈಗ ಕೇಳ್ತಿದ್ದೀನಿ."

ಅವನು ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡ. ಟವೆಲ್ ಹುಡುಕುತ್ತಾ, ಅವಳತ್ತ ನೋಡದೆ ಹೇಳಿದ, "ಆ ಫೋಟೋ ಎಲ್ಲರೂ ನೋಡಿದ ಮೇಲೂ ನೀವು ನನ್ನ ಜೊತೆ ಮೊದಲಿನ ಹಾಗೇ ತಮಾಷೆ ಮಾಡಿದ್ರಿ. ಅವತ್ತೇ ನಾನು ಸೋತೆ."

ಅವಳು ತನ್ನ ದುಪಟ್ಟಾದ ತುದಿ ಮುಂದೆ ಚಾಚಿದಳು.

ರಾತ್ರಿ ಬಾಗಿಲು ತೆರೆದ ಅಣ್ಣ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮುಖ ಕೆಂಪಾಗಿತ್ತು. "ಏನೋ, ನನ್ನ ತಂಗೀನ ನನ್ನ ಮೇಲೇ ಎತ್ತಿಕಟ್ಟಿದೀಯೇನೋ?"

ಅವಳು ಬಾಯಿ ತೆರೆಯುವುದರಲ್ಲಿದ್ದಳು. ಅವನು ಅವಳ ಬೆರಳು ಒತ್ತಿ, ಕಿವಿಯ ಹತ್ತಿರ ಬಗ್ಗಿದ. "ಸುಮ್ಮನಿರು. ಮೇಡಂ ಅಲ್ಲ, 'ಏನೋ' ಅಂದ್ರು, ಕೇಳಿಸ್ತಾ?" ಅವನ ಕಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು.

"ಸರಿ, ಜಗಳ ಕೂತ್ಕೊಂಡೇ ಆಡೋಣ," ಅಂದಳು ಅವಳು. ಹಿಡಿದ ಕೈ ಬಿಡದೆ, ಅಣ್ಣನನ್ನು ಭುಜದಿಂದ ಪಕ್ಕಕ್ಕೆ ಸರಿಸಿ ಒಳಗೆ ನಡೆದಳು.